ಶಾಸನಕ್ಕೆ ಏರದ ಬಳ್ಳಿ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಹಿತ್ತಿಲ ಚಪ್ಪರ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಹಳೆಯ ಮನೆಗಳಲ್ಲಿ ಹಿತ್ತಿಲು ಎಂದರೆ ಮನೆಯ ಹಿಂದಿನ ಖಾಲಿ ಜಾಗವಲ್ಲ. ಬಚ್ಚಲ ನೀರು ಹರಿದು ಇಂಗುವ, ಒಲೆಯ ಬೂದಿಯೂ ಕೊಟ್ಟಿಗೆಯ ಕಸವೂ ಬಂದು ಬೀಳುವ, ಹೊಲದ ಬೇಸಾಯಕ್ಕೆ ಸಂಬಂಧವಿಲ್ಲದ ಇನ್ನೊಂದು ಬೇಸಾಯ ನಡೆಯುವ ತಾಣ ಅದು. ಈ ಬೇಸಾಯದ ಮುಖ್ಯ ಬೆಳೆ ಬಳ್ಳಿಯ ಕಾಯಿಗಳು: ತೊಂಡೆ, ಹಾಗಲ, ಹೀರೆ, ಪಡವಲ, ಸೋರೆ, ಕುಂಬಳ, ಇವುಗಳ ಜೊತೆಗೆ ವಂಶದಲ್ಲಿ ಬೇರೆಯಾದರೂ ಚಪ್ಪರದ ಮೇಲೆ ಸಮಪಾಲು ಕೇಳುವ ಚಪ್ಪರದವರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆಲ್ಲವೂ ಹಣ್ಣುಗಳೇ, ಏಕೆಂದರೆ ಹೂವಿನ ಅಂಡಾಶಯ ಬೆಳೆದು ಬೀಜವನ್ನು ಒಳಗೊಂಡರೆ ಅದು ಹಣ್ಣು. ಕನ್ನಡ ಮಾತ್ರ ಎಳಸಾಗಿ ಕುಯ್ಯುವುದನ್ನು ಕಾಯಿ ಎಂದೂ ಮಾಗಿದ್ದನ್ನು ಹಣ್ಣು ಎಂದೂ ಬೇರ್ಪಡಿಸಿ, ತೊಂಡೆಕಾಯಿಯನ್ನು ಅಡುಗೆಮನೆಗೆ ಇಟ್ಟುಕೊಂಡು ತೊಂಡೆಹಣ್ಣನ್ನು ಗಿಳಿಗೂ ಕವಿಗೂ ಬಿಟ್ಟುಕೊಟ್ಟಿದೆ.

ಬಳ್ಳಿಯೊಂದನ್ನು ಗಟ್ಟಿ ಬಳ್ಳಿ ಎನ್ನಬೇಕಾದರೆ ಅದು ಯಾವುದನ್ನು ತಾಳಿಕೊಳ್ಳಬೇಕು ಎಂಬುದು ನಾಡಿನಿಂದ ನಾಡಿಗೆ ಬದಲಾಗುತ್ತದೆ. ಹಿಮ ಬೀಳುವ ನಾಡುಗಳ ತೋಟಗಾರರಿಗೆ ಗಟ್ಟಿತನವೆಂದರೆ ಚಳಿಯನ್ನು ತಾಳುವ ಶಕ್ತಿ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲೂ ಬದುಕುವ ಪೂರ್ವ ಏಷ್ಯದ ಸಣ್ಣ ಕಿವಿ ಹಣ್ಣಿನ ಬಳ್ಳಿ ಅಂಥವರಿಗೆ ಅಚ್ಚುಮೆಚ್ಚು. ಅದರ ದೊಡ್ಡ ಬಂಧುವಾದ ಅಂಗಡಿಯ ಕಿವಿ ಹಣ್ಣಿನ ಬಳ್ಳಿಯನ್ನು ಭಾರತದಲ್ಲಿ ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, 1960ರಲ್ಲಿ, ಅದೂ ಅಂದದ ಗಿಡವಾಗಿ. ಬೇಕಾದಷ್ಟು ಚಳಿ ಸಿಗದೆ ಅದು ಅಲ್ಲಿ ಫಲ ಕೊಡಲಿಲ್ಲ, ಸಿಮ್ಲಾದಲ್ಲಿ ನೆಟ್ಟದ್ದು 1969ರಲ್ಲಿ ಹಣ್ಣು ಬಿಟ್ಟಿತು. ಗುಂಡ್ಲುಪೇಟೆಯ ಬಯಲಿನಲ್ಲಿ ಗಟ್ಟಿತನದ ಅರ್ಥ ಇದಕ್ಕೆ ತಿರುಗುಮುರುಗು. ಇಲ್ಲಿ ಕೊಲ್ಲುವುದು ಚಳಿಯಲ್ಲ, ಜನವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿ. ಮೇಲಿನ ಹಂಬು ಒಣಗಿ ದಾರವಾದರೂ ನೆಲದೊಳಗೆ ಗೆಡ್ಡೆಯನ್ನು ಉಳಿಸಿಕೊಂಡು, ಮೊದಲ ಮಳೆಗೆ ಮತ್ತೆ ಕುಡಿ ಒಡೆಯುವ ಬಳ್ಳಿಯೇ ಇಲ್ಲಿ ಗಟ್ಟಿ.

ಈ ಸೀಮೆ ನೀಲಗಿರಿ ಮತ್ತು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಿಂದ ನೋಡಿದರೆ ಮಳೆಗಾಲದ ಬಹುಪಾಲು ದಿನ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಲೆ ಮೋಡದಲ್ಲಿ ಮುಳುಗಿರುತ್ತದೆ, ಕೆಳಗಿನ ಹೊಲಗಳಲ್ಲಿ ಮಾತ್ರ ಧೂಳು ಏಳುತ್ತಿರುತ್ತದೆ. ಮಳೆಯ ಹೆಚ್ಚಿನ ಪಾಲು ಎರಡು ಕಂತಿನಲ್ಲಿ ಬರುತ್ತದೆ: ಮುಂಗಾರಿಗೂ ಮುಂಚಿನ ಭರಣಿ, ಕೃತ್ತಿಕೆಯ ಗುಡುಗಿನ ಮಳೆಗಳಲ್ಲಿ ಒಂದು ಕಂತು, ಹಿಂಗಾರಿನಲ್ಲಿ ಇನ್ನೊಂದು. ನಡುವಿನ ಆಷಾಢ ಶ್ರಾವಣಗಳಲ್ಲಿ ಮಲೆನಾಡು ನೆನೆಯುವಾಗ ಇಲ್ಲಿ ಬರಿಯ ತುಂತುರು, ಗಾಳಿ. ಒಂದೇ ಮಳೆಗಾಲವನ್ನು ನಂಬಿ ಬೆಳೆಯುವ ಗಿಡಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಭರಣಿಗೆ ಹುಟ್ಟಿ, ನಡುವಿನ ಬಿಡುವಿನಲ್ಲಿ ಬಚ್ಚಲ ನೀರಿನಿಂದ ಉಸಿರು ಹಿಡಿದು, ಹಿಂಗಾರಿಗೆ ಕಾಯಿ ತುಂಬುವ ಬಳ್ಳಿಗೆ ಹೇಳಿ ಮಾಡಿಸಿದಂತಿದೆ. ಬಚ್ಚಲಿನಿಂದ ಒಂದು ಸಣ್ಣ ಕಾಲುವೆ, ಅದರ ತುದಿಗೆ ಒಂದು ಪಾತಿ, ಪಾತಿಯ ಸುತ್ತ ಬೂದಿ: ಈ ಸೀಮೆಯ ಅತಿ ಹಳೆಯ ನೀರಾವರಿ ವ್ಯವಸ್ಥೆ ಕೆರೆಯೋ ಕಪಿಲೆ ಬಾವಿಯೋ ಎಂದು ಚರ್ಚಿಸುವವರು ಈ ಕಾಲುವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸೋಜಿಗ.

ಲೆಕ್ಕಕ್ಕೆ ಬಾರದಿರುವುದಕ್ಕೆ ಕಾರಣವೂ ಇದೆ. ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಸೇರಿವೆ. ಕನ್ನಡ ನಾಡಿನ ದಾನಶಾಸನಗಳು ಊರನ್ನು ಕೊಡುವಾಗ ಗದ್ದೆ, ಬೆದ್ದಲು, ತೋಟ, ತುಡಿಕೆ ಎಂದು ಹೆಸರಿಸುತ್ತವೆ. ಬೆದ್ದಲು ಎಂದರೆ ಮಳೆಯನ್ನೇ ನಂಬಿದ ಹೊಲ, ತುಡಿಕೆ ಎಂದರೆ ಸಣ್ಣ ತೋಟ. ಗಾಣದೆರೆ, ಮಗ್ಗದೆರೆ, ಮನೆದೆರೆಗಳೂ ಬರುತ್ತವೆ. ಹಿತ್ತಿಲು ಎಂಬ ಮಾತು ಕೂಡ ಮನೆಯ ಬಾಲದಂತೆ ಬಂದು ಹೋಗುತ್ತದೆ, ಆದರೆ ಆ ಹಿತ್ತಿಲಲ್ಲಿ ಏನು ಹಬ್ಬಿತ್ತು ಎಂಬುದನ್ನು ಕಲ್ಲಿನಲ್ಲಿ ಕೊರೆಸುವ ಅಗತ್ಯ ಸಾಮಾನ್ಯವಾಗಿ ಯಾರಿಗೂ ಕಂಡಿಲ್ಲ. 1800ರಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿ, ಭತ್ತ, ಕಬ್ಬು, ಅಡಿಕೆ ಮತ್ತು ಎಲೆತೋಟಗಳ ಖರ್ಚುವೆಚ್ಚವನ್ನು ಪುಟಗಟ್ಟಲೆ ಬರೆದ; ಕಂದಾಯಕ್ಕೆ ಸಿಗುವುದನ್ನು ಅಳೆಯುವುದೇ ಅವನ ಕೆಲಸದ ತಿರುಳಾಗಿತ್ತು.

ಬಳ್ಳಿಗಳಲ್ಲಿಯೇ ಒಂದು ಈ ದಾಖಲೆಗಳೊಳಗೆ ಹೆಮ್ಮೆಯಿಂದ ಕುಳಿತಿದೆ, ಅದು ವೀಳ್ಯದೆಲೆಯ ಬಳ್ಳಿ. ಅಗಸೆ, ನುಗ್ಗೆ, ಹಾಲವಾಣದ ಮರಗಳಿಗೆ ಹಬ್ಬಿಸಿ ಬೆಳೆಸುವ ಎಲೆತೋಟ ದೇವಸ್ಥಾನಕ್ಕೂ ಅರಮನೆಗೂ ಸಂತೆಯ ಸುಂಕದ ಕಟ್ಟೆಗೂ ಬೇಕಾದದ್ದು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಪಟ್ಟಕ್ಕೆ ಬರುವ ಮುನ್ನ ವಾಸವಾಗಿದ್ದದ್ದು ಗುಂಡ್ಲುಪೇಟೆಗೆ ಹತ್ತಿರದ ಹಂಗಳದಲ್ಲಿ. ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯನ್ನು ಕಟ್ಟಿ ಆಡಳಿತವನ್ನು ಕಡತಕ್ಕೆ ಇಳಿಸಿದ ಅರಸರೆಂದು ಅವರ ಹೆಸರು. ಅವರ ಅರಮನೆಯಲ್ಲಿ ಎಲೆಅಡಿಕೆಯ ಚೀಲ, ಅಂದರೆ ಸಂಚಿ, ಹಿಡಿಯುತ್ತಿದ್ದ ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಸಂಚಿಯ ಹೊನ್ನಮ್ಮ ಎಂದೇ ಉಳಿದಳು. ಎಲೆಬಳ್ಳಿಯ ಚೀಲ ಒಬ್ಬ ಕವಯಿತ್ರಿಯ ಹೆಸರಿಗೇ ಅಂಟಿಕೊಂಡಿತು. ಅದೇ ಯಳಂದೂರಿನ ಹಿತ್ತಿಲುಗಳಲ್ಲಿ ಹೆಂಗಸರೇ ನೆಟ್ಟು, ನೀರುಣಿಸಿ, ಕುಯ್ದು, ಬೀಜ ಎತ್ತಿಟ್ಟ ಕಾಯಿಬಳ್ಳಿಗಳಿಗೆ ಅಂಥ ಅದೃಷ್ಟ ಬರಲಿಲ್ಲ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಚರಿತ್ರೆ ಬರೆದವರಿಗೇ ಮೊದಲು ಸಲ್ಲುತ್ತದೆ.

ಆದ್ದರಿಂದ ಈ ಬಳ್ಳಿಗಳ ಹಿನ್ನೆಲೆಯನ್ನು ಶಾಸನಕ್ಕಿಂತ ಹೆಚ್ಚಾಗಿ ಪುಸ್ತಕದಲ್ಲಿ, ಪುಸ್ತಕಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ಹುಡುಕಬೇಕಾಗುತ್ತದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಗೆ ವೃಕ್ಷಾಯುರ್ವೇದದ ಅಧ್ಯಾಯವೂ ಅಡುಗೆಗೆ ಸೂಪಶಾಸ್ತ್ರದ ಅಧ್ಯಾಯವೂ ಇವೆ, ಮೈಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ ಎಂಬ ಕಾವ್ಯವನ್ನೇ ಅಡುಗೆಗೆ ಮೀಸಲಿಟ್ಟ. ಆದರೆ ಮಂಗರಸನ ಪಾಕಶಾಲೆಯಲ್ಲಿ ಬದನೆ, ಬಾಳೆ, ಹಲಸುಗಳಿಗೆ ಸಂದ ಮನ್ನಣೆ ಚಪ್ಪರದ ಕಾಯಿಗಳಿಗೆ ಇಲ್ಲ. ತೊಂಡೆಯ ಮಾತು ಬೇರೆ. ಅಮರಕೋಶ ಇದಕ್ಕೆ ತುಂಡಿಕೇರಿ, ರಕ್ತಫಲ, ಬಿಂಬಿಕಾ ಎಂಬ ಹೆಸರುಗಳನ್ನು ಕೊಡುತ್ತದೆ, ಸಂಸ್ಕೃತ ಕವಿಗಳೂ ಕನ್ನಡ ಕವಿಗಳೂ ನಾಯಿಕೆಯ ತುಟಿಗೆ ಇದರ ಕೆಂಪು ಹಣ್ಣನ್ನು ಹೋಲಿಸಿ ಹೋಲಿಸಿ ಸವೆಸಿದ್ದಾರೆ. ಗಡಿಯಾಚೆಯ ತಮಿಳಿನಲ್ಲಿ ಈ ಬಳ್ಳಿಗೆ ಇಂದಿನ ಹೆಸರು ಕೋವೈ, ಮಲಯಾಳದಲ್ಲಿ ಕೋವಲ್. ಆದರೆ ಹಳೆಯ ತಮಿಳಿನಲ್ಲಿ ಇದು ತೊಂಡೈ, ಮತ್ತು ತೊಂಡೈಯ ಹೂಮಾಲೆಯನ್ನು ತೊಡುತ್ತಿದ್ದ ಕುಲವೆಂದೇ ಕಂಚಿಯ ಪಲ್ಲವರನ್ನು ತಮಿಳು ಪರಂಪರೆ ತೊಂಡೈಯರ್ ಎಂದಿತು, ಅವರ ನಾಡನ್ನು ತೊಂಡೈಮಂಡಲ ಎಂದಿತು. ತಮಿಳು ಬಿಟ್ಟುಕೊಟ್ಟ ಹೆಸರನ್ನು ಕನ್ನಡ ಇಂದಿಗೂ ಸಂತೆಯಲ್ಲಿ ಕೂಗಿ ಮಾರುತ್ತಿದೆ ಎನ್ನುವುದು ಭಾಷೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ತಾಳವಾಡಿಯಂಥ ಕಡೆ, ತಮಿಳುನಾಡಿನ ಆಡಳಿತಕ್ಕೆ ಸೇರಿದ ಕನ್ನಡ ಮನೆಗಳಲ್ಲಿ, ಈ ಎರಡು ಹೆಸರುಗಳೂ ಒಂದೇ ಬೇಲಿಯ ಮೇಲೆ ಕೂತಿವೆ.

ತೊಂಡೆ ಯಾಕೆ ಈ ಸೀಮೆಯ ಹಿತ್ತಿಲ ರಾಣಿಯಾಯಿತು ಎಂಬುದನ್ನು ತಿಳಿಯಲು ಅದರ ಬಾಳುವೆಯನ್ನು ಹತ್ತಿರದಿಂದ ನೋಡಬೇಕು. ಕಾಕ್ಸಿನಿಯ ಗ್ರಾಂಡಿಸ್ ಎಂಬ ಸಸ್ಯನಾಮದ ಈ ಬಳ್ಳಿಯಲ್ಲಿ ಗಂಡುಹೂವಿನ ಬಳ್ಳಿ ಬೇರೆ, ಹೆಣ್ಣುಹೂವಿನ ಬಳ್ಳಿ ಬೇರೆ. ಹಣ್ಣನ್ನು ತಿಂದ ಹಕ್ಕಿ ಬೇಲಿಯಲ್ಲಿ ಹಾಕಿದ ಬೀಜದಿಂದ ಹುಟ್ಟಿದ ಬಳ್ಳಿ ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೆ ತಿಳಿಯದು, ಹೆಣ್ಣೇ ಆದರೂ ಕಾಯಿ ಕಹಿಯಾಗಬಹುದು. ಅದಕ್ಕಾಗಿ ಸಿಹಿಕಾಯಿಯ ಒಳ್ಳೆಯ ಹೆಣ್ಣುಬಳ್ಳಿಯಿಂದ ಪೆನ್ಸಿಲಿನಷ್ಟು ದಪ್ಪದ, ಮೂರು ನಾಲ್ಕು ಗೆಣ್ಣುಗಳಿರುವ ಕಡ್ಡಿಯನ್ನು ಕುಯ್ದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ, ಮೇಲಿನ ತುದಿಗೆ ಸಗಣಿ ಮೆತ್ತುತ್ತಾರೆ. ಹೀಗೆ ಊರಿದ ಪ್ರತಿ ಬಳ್ಳಿಯೂ ತಾಯಿಬಳ್ಳಿಯ ಮುಂದುವರಿಕೆಯೇ ಹೊರತು ಮಗಳಲ್ಲ. ಹಾಗಾಗಿ ಒಂದು ಊರಿನ ಹತ್ತಾರು ಹಿತ್ತಿಲುಗಳ ತೊಂಡೆ ಎಷ್ಟೋ ಸಲ ಒಂದೇ ಬಳ್ಳಿ. ಮದುವೆಯಾಗಿ ಹೋದ ಹೆಣ್ಣು ಮೊದಲ ಸಲ ತವರಿಗೆ ಬಂದು ಹಿಂದಿರುಗುವಾಗ ಒದ್ದೆಬಟ್ಟೆಯಲ್ಲಿ ಸುತ್ತಿ ಒಯ್ಯುವ ಕಡ್ಡಿಯ ಜೊತೆಗೆ ಆ ಒಂದೇ ಬಳ್ಳಿ ಇನ್ನೊಂದು ಊರಿಗೂ ದಾಟುತ್ತದೆ. ಕಲ್ಲಿನ ಮೇಲೆ ಬರೆಯದ ವಂಶಾವಳಿಯೊಂದು ಹೀಗೆ ಕಡ್ಡಿಯಿಂದ ಕಡ್ಡಿಗೆ ನಡೆದು ಬಂದಿದೆ.

ಬೇರಿನ ಕಡೆಯೂ ತೊಂಡೆ ಗಟ್ಟಿಗಿತ್ತಿ. ಎರಡು ಮೂರು ವರ್ಷದ ಬಳ್ಳಿಯ ಬುಡ ಕೈಗಾತ್ರಕ್ಕೆ ಬಲಿತು, ಬೇರು ಗೆಡ್ಡೆಯಾಗಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಬೇಸಿಗೆಯ ಮೊದಲು ಹಳೆಯ ಹಂಬನ್ನು ಸವರಿ ಬುಡಕ್ಕೆ ಗೊಬ್ಬರ ಕೊಟ್ಟರೆ ಭರಣಿಗೆ ಹೊಸ ಕುಡಿ ಬರುತ್ತದೆ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮೇಲಿದ್ದದ್ದು 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೀಜವನ್ನೇ ಬೇಯಿಸಿ ತಿಂದ ವರ್ಷದ ನಂತರ ಬೀಜ ಬೇಡದ ಬಳ್ಳಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಗಟ್ಟಿತನ ಬೇರೆ ನೆಲದಲ್ಲಿ ಪೀಡೆಯೂ ಆಗಿದೆ. ಶಾಂತಸಾಗರದ ಹವಾಯಿ ಮತ್ತು ಗುವಾಮ್ ದ್ವೀಪಗಳಲ್ಲಿ ತೊಂಡೆ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಮುಚ್ಚಿ ಬೆಳೆದು, ಅದನ್ನು ತಿನ್ನುವ ಆಫ್ರಿಕದ ಕೀಟಗಳನ್ನು ತಂದು ಬಿಡುವವರೆಗೆ ಹೋಯಿತು. ಗುಂಡ್ಲುಪೇಟೆಯ ಬೇಸಿಗೆ ಅದನ್ನು ಹದ್ದಿನಲ್ಲಿಟ್ಟಿದೆ ಎನ್ನಬೇಕು.

ಉಳಿದ ಬಳ್ಳಿಗಳು ಬೀಜದವು, ಒಂದು ವರ್ಷದ ಬಾಳಿನವು, ಆದ್ದರಿಂದ ಅವಕ್ಕೆ ಪ್ರತಿ ವರ್ಷ ಹೊಸ ಏರ್ಪಾಡು ಬೇಕು. ಕವೆಯಿರುವ ನಾಲ್ಕು ಗೂಟ ನೆಟ್ಟು, ಅಡ್ಡಗಳ ಮೇಲೆ ಬಿದಿರ ದಬ್ಬೆ ಹಾಸಿ, ಕತ್ತಾಳೆ ನಾರಿನಿಂದ ಬಿಗಿದರೆ ಚಪ್ಪರ. ಇದಕ್ಕೆ ಹತ್ತಿಸುವ ಬಳ್ಳಿಗಳು ಹೂ ಅರಳಿಸುವುದು ಬೇರೆ ಬೇರೆ ಹೊತ್ತಿಗೆ: ಕುಂಬಳ ನಸುಕಿನಲ್ಲಿ, ಹಾಗಲ ಬೆಳಗಿನಲ್ಲಿ, ಏಣುಗಳಿರುವ ಹೀರೆ ಸಂಜೆಯ ಇಳಿಬಿಸಿಲಿನಲ್ಲಿ, ಸೋರೆ ಮಬ್ಬಾದ ಮೇಲೆ, ಪಡವಲ ರಾತ್ರಿ ತನ್ನ ಬಿಳಿಯ ಜಾಲರಿ ಹೂವನ್ನು ಬಿಚ್ಚಿ ಪತಂಗಗಳನ್ನು ಕರೆಯುತ್ತದೆ. ಪಡವಲದ ಎಳೆಗಾಯಿ ಸುರುಳಿ ಸುತ್ತುವ ಸ್ವಭಾವದ್ದು. ಬೆರಳುದ್ದ ಇರುವಾಗಲೇ ತುದಿಗೆ ದಾರದಲ್ಲಿ ಒಂದು ಸಣ್ಣ ಕಲ್ಲು ಕಟ್ಟಿ ಬಿಟ್ಟರೆ ನೇರವಾಗಿ ಇಳಿಯುತ್ತದೆ. ಕಲ್ಲು ಹೆಚ್ಚು ತೂಕದ್ದಾದರೆ ಕಾಯಿಯೇ ಕಳಚಿ ಬೀಳುತ್ತದೆ, ಆದ್ದರಿಂದ ಹುಣಸೆಬೀಜದ ಗಾತ್ರದಿಂದ ತೊಡಗಿ ಕಾಯಿ ಬೆಳೆದಂತೆ ಕಲ್ಲನ್ನು ಬದಲಿಸುವುದು ಬಲ್ಲವರ ಕ್ರಮ. ಎಲೆ ತಿನ್ನುವ ಕೆಂಪು ದುಂಬಿಗೆ ಮುಂಜಾನೆಯ ಇಬ್ಬನಿಯ ಮೇಲೆ ಒಲೆಯ ಬೂದಿ ಎರಚುತ್ತಾರೆ. ಎಳೆಗಾಯಿಯತ್ತ ಬೆರಳು ತೋರಿಸಿದರೆ ಅದು ಕೊಳೆತು ಬೀಳುತ್ತದೆಂಬ ನಂಬಿಕೆ ದಕ್ಷಿಣ ಭಾರತದ ಉದ್ದಗಲಕ್ಕೂ ಇದೆ. ಕಾಯಿಯೊಳಗೆ ಮೊಟ್ಟೆಯಿಡುವ ಹಣ್ಣುನೊಣದ ಕೆಲಸವನ್ನು ಪಕ್ಕದ ಮನೆಯವರ ಬೆರಳಿಗೆ ಹೊರಿಸಿದ ನಂಬಿಕೆ ಇದು, ಎಷ್ಟೋ ನೆರೆಹೊರೆಯ ಮನಸ್ತಾಪಗಳಿಗೆ ಕಾರಣವಾದದ್ದು.

ಬಳ್ಳಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಎತ್ತಿದರೆ ಪರಂಪರೆಯ ಬಗೆಗಿನ ಸುಲಭದ ಮಾತುಗಳು ಸಡಿಲಗೊಳ್ಳುತ್ತವೆ. ಹೀರೆ, ಪಡವಲಗಳು ಈ ಉಪಖಂಡದವು. ಸೋರೆಯ ತವರು ಆಫ್ರಿಕ. ಒಣಗಿದರೆ ನೀರಿನಲ್ಲಿ ತೇಲುವ ಬುರುಡೆಯಾದ್ದರಿಂದ ಅದು ಮನುಷ್ಯನಿಗಿಂತ ಮುಂಚೆಯೇ ಸಮುದ್ರಗಳನ್ನು ದಾಟಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ, ಅಮೆರಿಕ ಖಂಡದಲ್ಲಿ ಸುಮಾರು 10,000 ವರ್ಷಗಳಷ್ಟು ಹಳೆಯ ಸೋರೆಯ ತುಣುಕುಗಳು ಸಿಕ್ಕಿವೆ. ಕನ್ನಡ ನಾಡಿನಲ್ಲಿ ಸೋರೆ ತರಕಾರಿಯಷ್ಟೇ ಆಗದೆ ಬಿತ್ತನೆ ಬೀಜ ತುಂಬಿಡುವ ಪಾತ್ರೆಯೂ ಕಿನ್ನರಿ, ತಂಬೂರಿಗಳ ಬುರುಡೆಯೂ ಆಯಿತು. ಸಿಹಿಗುಂಬಳ ಮಾತ್ರ ತೀರ ಈಚಿನದು, ಅಮೆರಿಕದಿಂದ ಪೋರ್ಚುಗೀಸರ ಕಾಲದಿಂದೀಚೆಗೆ ಬಂದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೊಸ ಬೆಳೆಯನ್ನು ದೇವರಿಗೆ ಒಪ್ಪಿಸಿ ಆಚರಿಸುವ ರೊಟ್ಟಿಹಬ್ಬದಲ್ಲಿ ರಾಗಿರೊಟ್ಟಿಯ ಜೊತೆಗೆ ಇರುವುದು ಕುಂಬಳಕಾಯಿಯ ಪಲ್ಯ. ಕಾಡಿನ ತುಂಡು ನೆಲವನ್ನು ಸವರಿ ಸುಟ್ಟು ರಾಗಿ, ಅವರೆ, ಕುಂಬಳಗಳನ್ನು ಬೆರೆಸಿ ಬೆಳೆಯುತ್ತಿದ್ದ ಅವರ ಪೋಡು ಬೇಸಾಯ 1974ರಲ್ಲಿ ಅಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ನಿಂತಿತು. 2011ರಲ್ಲಿ ಸಮುದಾಯ ಅರಣ್ಯಹಕ್ಕು ದೊರೆತರೂ ಪೋಡು ಮರಳಲಿಲ್ಲ. ಹಬ್ಬ ಹಳೆಯದು, ಹಬ್ಬದ ಕಾಯಿ ಹೊಸದು, ಅಷ್ಟರಿಂದ ಹಬ್ಬದ ಪಾವಿತ್ರ್ಯಕ್ಕೆ ಏನೂ ಕುಂದಿಲ್ಲ.

ಶ್ರಾದ್ಧದ ಅಡುಗೆ ಈ ವಿಷಯದಲ್ಲಿ ಹೆಚ್ಚು ಬಿಗಿ. ಹಾಗಲ, ಪಡವಲ, ಬಾಳೆಕಾಯಿಗಳಿಗೆ ಅಲ್ಲಿ ಜಾಗವಿದೆ, ಮೆಕ್ಸಿಕೋ ಕಡೆಯಿಂದ ಬಂದ ಸೀಮೆಬದನೆಯ ಬಳ್ಳಿಗೆ ಇಲ್ಲ. ಹೆಸರಿನ ಸೀಮೆ ಎಂಬ ಮಾತೇ, ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಇರುವಂತೆ, ಹೊರಗಿನಿಂದ ಬಂದದ್ದೆಂಬ ಮುದ್ರೆ. ಸಂಪ್ರದಾಯದ ಅಡುಗೆಯ ಪಟ್ಟಿ ಎಂಬುದು ಹೀಗೆ ಬರಹವಿಲ್ಲದ ಒಂದು ಸಸ್ಯಚರಿತ್ರೆ. ಕಾಡಂಚಿನ ಮಡಹಾಗಲ ಈ ಪಟ್ಟಿಗೂ ಹಿತ್ತಿಲಿಗೂ ಪೂರ್ತಿ ಒಳಗಾಗದ ಬಳ್ಳಿ. ತೊಂಡೆಯಂತೆ ಇದರಲ್ಲೂ ಗಂಡು ಹೆಣ್ಣು ಬೇರೆ, ಬೇಸಿಗೆಯಿಡೀ ಗೆಡ್ಡೆಯಾಗಿ ಮಲಗಿ ಮಳೆಗೆ ಏಳುವ ಗುಣವೂ ಅದೇ. ಮುಳ್ಳುಮುಳ್ಳಾದ ಅದರ ಕಾಯಿ ಮಳೆಗಾಲದ ಕೆಲವೇ ವಾರ ಸಂತೆಗೆ ಬಂದು ಉಳಿದ ತರಕಾರಿಗಳಿಗಿಂತ ದುಬಾರಿಗೆ ಹೋಗುತ್ತದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳ್ಳಿ ಹಿತ್ತಿಲನ್ನು ಬಿಟ್ಟು ಹೊಲಕ್ಕೆ ಇಳಿಯಿತು. 1967ರಲ್ಲಿ ಆರಂಭವಾಗಿ ಹೆಸರಘಟ್ಟದಲ್ಲಿ ನೆಲೆನಿಂತ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹಾಗಲದಲ್ಲಿ ಅರ್ಕಾ ಹರಿತ್, ಸೋರೆಯಲ್ಲಿ ಅರ್ಕಾ ಬಹಾರ್, ಹೀರೆಯಲ್ಲಿ ಅರ್ಕಾ ಸುಜಾತ್ ತಳಿಗಳನ್ನು ಕೊಟ್ಟಿತು. ಕೊಳವೆಬಾವಿ ಬಚ್ಚಲ ಕಾಲುವೆಯ ಕೆಲಸವನ್ನು ಕಿತ್ತುಕೊಂಡಿತು. ಬಿದಿರ ದಬ್ಬೆಯ ಜಾಗಕ್ಕೆ ಕಲ್ಲುಕಂಬ, ತಂತಿ, ನೈಲಾನ್ ದಾರ ಬಂದವು. ಗುಂಡ್ಲುಪೇಟೆಯ ತರಕಾರಿ ಘಟ್ಟ ಇಳಿದು ಕೇರಳಕ್ಕೆ ಹೋಗುವ ವ್ಯಾಪಾರ ಬೆಳೆದಂತೆ ಹಾಗಲ, ಪಡವಲಗಳ ಬೆಲೆಯನ್ನು ನಿರ್ಧರಿಸುವುದು ಊರಿನ ಸಂತೆಯಲ್ಲ, ಓಣಂ ಎಂದಾಯಿತು. 2009ರಿಂದ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಾದ ಮೇಲೆ ಕಾಯಿ ಕುಯ್ಯುವ ಹೊತ್ತು ಕೂಡ ಆನೆಗಳ ನಡೆಗೆ ಹೊಂದಿಕೊಳ್ಳಬೇಕಾಯಿತು. ಶಾಸನ ಕಾಣದ ಬಳ್ಳಿ ಕೊನೆಗೂ ಮಾರುಕಟ್ಟೆಯ ರಸೀದಿಗೆ ಏರಿತು, ಆದರೆ ಅದಕ್ಕಾಗಿ ತನ್ನ ಬೀಜವನ್ನು ತೆತ್ತಿತು. ಹೈಬ್ರಿಡ್ ಹಾಗಲದ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಮರುವರ್ಷ ಅದೇ ಕಾಯಿ ಬರುವ ಭರವಸೆಯಿಲ್ಲ, ಆದ್ದರಿಂದ ಪ್ರತಿ ಹಂಗಾಮಿಗೂ ಪೊಟ್ಟಣ ಕೊಳ್ಳಲೇಬೇಕು. ಒಲೆಯ ಮೇಲಿನ ಹೊಗೆಯಲ್ಲಿ ತೂಗುತ್ತಿದ್ದ ಬೀಜದ ಸೋರೆಬುರುಡೆ ಎಷ್ಟೋ ಮನೆಗಳಲ್ಲಿ ಒಲೆಯ ಜೊತೆಗೇ ಇಲ್ಲವಾಗಿದೆ.

ಚಪ್ಪರಕ್ಕೆ ಎಡೆಯಿಲ್ಲದ ಆರ್‌ಸಿಸಿ ಮನೆಗಳ ಕಾಂಪೌಂಡಿನಲ್ಲಿಯೂ ಒಂದು ತೊಂಡೆಬಳ್ಳಿ ಗೋಡೆಯನ್ನೋ ಮೆಟ್ಟಿಲ ಸರಳನ್ನೋ ಹಿಡಿದು ನಿಂತಿರುವುದು ಚಾಮರಾಜನಗರದ ಬಡಾವಣೆಗಳಲ್ಲಿ ಅಪರೂಪವಲ್ಲ. ತೊಂಡೆಯನ್ನು ಬೀಜ ಬಿತ್ತಿ ಬೆಳೆಸುವ ರೂಢಿಯಿಲ್ಲ. ಅದರ ಕಡ್ಡಿಯನ್ನು ಇಂದಿಗೂ ಯಾರದಾದರೂ ಹಿತ್ತಿಲಿನಿಂದ ಕೇಳಿ ತರುತ್ತಾರೆ.